ನಿಮಗಿದು ಗೊತ್ತೇ? ಯುದ್ಧ ಮುರಿದ ಮೈಗೆ ಮರುಜೋಡಣೆ

ಮಹದೇವಪುರದ ಸಿಗ್ನಲ್‌ನಲ್ಲಿ ನಿಂತವರ ಕಣ್ಣಿಗೆ ಬೀಳುವುದು ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಗೋಡೆ, ಅದರಾಚೆ ಇನ್ನೊಂದು ಗಾಜಿನ ಗೋಡೆ. ಆದರೆ ಇಲ್ಲಿಂದ ಅಷ್ಟು ದೂರವಿಲ್ಲದ ಸಿ.ವಿ. ರಾಮನ್ ನಗರ, ವಿಮಾನಪುರ, ಹಲಸೂರುಗಳನ್ನು ಸೇರಿಸಿ ನೋಡಿದರೆ ಇದು ಹಳೆಯ ಫೌಜಿ ನೆಲ. ಗಾಯಗೊಂಡ ಯೋಧನನ್ನು ಮತ್ತೆ ಎಬ್ಬಿಸಿ ನಿಲ್ಲಿಸುವ ವಿದ್ಯೆಯ ಹಲವು ಎಳೆಗಳು ಈ ಸುತ್ತಲಿಗೇ ಬಂದು ತಗಲುತ್ತವೆ. ಈ ಸಲ ಅಂಥವೇ ಒಂದಿಷ್ಟು ಸಂಗತಿ.

● ಡೆಬೆಲ್ ಹೆಸರು ಕೇಳಿದ್ದೀರಾ? ಸಿ.ವಿ. ರಾಮನ್ ನಗರದಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯ ಅದು. ಪೂರ್ತಿ ಹೆಸರು ಡಿಫೆನ್ಸ್ ಬಯೋ ಎಂಜಿನಿಯರಿಂಗ್ ಅಂಡ್ ಎಲೆಕ್ಟ್ರೋ ಮೆಡಿಕಲ್ ಲ್ಯಾಬೊರೇಟರಿ. ಸೈನಿಕನ ಆಯುಧದ ಉಸಾಬರಿ ಅದಕ್ಕಿಲ್ಲ, ಅದರ ಕೆಲಸವೆಲ್ಲ ಅವನ ಮೈಯ ಮೇಲೆ. ತೇಜಸ್ ಯುದ್ಧವಿಮಾನದ ಪೈಲಟ್‌ಗೆ ಹಾರುವಾಗಲೇ ಆಮ್ಲಜನಕ ತಯಾರಿಸಿ ಕೊಡುವ ವ್ಯವಸ್ಥೆ ಇಲ್ಲಿ ರೂಪುಗೊಂಡಿತು. 2021ರ ಕೋವಿಡ್ ಎರಡನೇ ಅಲೆಯಲ್ಲಿ ಆಸ್ಪತ್ರೆಗಳ ಅಂಗಳಕ್ಕೆ ಬಂದ ಡಿಆರ್‌ಡಿಒ ಆಮ್ಲಜನಕ ಘಟಕಗಳ ಮೂಲವೂ ಇದೇ. ಒಂದೊಂದು ಘಟಕ ನಿಮಿಷಕ್ಕೆ 1,000 ಲೀಟರ್ ಕೊಡುವಂಥದ್ದು. ಅತಿ ಎತ್ತರದ ಠಾಣೆಗಳ ಯೋಧರಿಗಾಗಿ ಮಾಡಿದ್ದ ಇನ್ನೊಂದು ಸಾಧನ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ನೋಡಿಕೊಂಡು ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುವಂಥದ್ದು, ಅದೇ ಹೊತ್ತಿಗೆ ಮನೆಯಲ್ಲಿ ಮಲಗಿದ್ದ ರೋಗಿಗಳ ನೆರವಿಗೂ ಬಂತು.

● 2024ರ ಏಪ್ರಿಲ್‌ನಲ್ಲಿ ಡೆಬೆಲ್ ಬೆಂಗಳೂರಿನಲ್ಲೇ ‘ಎಕ್ಸೋಸ್ಕೆಲಿಟನ್’ ಕುರಿತು ಅಂತಾರಾಷ್ಟ್ರೀಯ ಕಾರ್ಯಾಗಾರ ನಡೆಸಿತು. ಮೈಮೇಲೆ ತೊಡುವ ಯಾಂತ್ರಿಕ ಚೌಕಟ್ಟು ಅದು. ಹೊರೆ ಹೊತ್ತು ಬೆಟ್ಟ ಹತ್ತುವ ಜವಾನನ ಮಂಡಿ, ಸೊಂಟ ಉಳಿಸುವುದು ಒಂದು ಉದ್ದೇಶ. ಸೊಂಟದ ಕೆಳಗೆ ಸ್ವಾಧೀನ ತಪ್ಪಿದವರನ್ನು ಎಬ್ಬಿಸಿ ನಡೆಸುವುದು ಇನ್ನೊಂದು. ಎರಡಕ್ಕೂ ಯಂತ್ರಶಾಸ್ತ್ರ ಹೆಚ್ಚುಕಡಿಮೆ ಒಂದೇ.

● ಕ್ಷಿಪಣಿಯ ವಸ್ತುವಿನಿಂದ ಮಕ್ಕಳ ಕಾಲಿಗೆ ಆಸರೆ! ಅಗ್ನಿ ಕ್ಷಿಪಣಿಗೆ ಬಳಸಿದ ಹಗುರ ಕಾರ್ಬನ್ ಸಂಯೋಜಿತ ವಸ್ತುವನ್ನು ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ ಮೂಳೆ ವೈದ್ಯರೊಬ್ಬರು ನೋಡಿದರು. ಪೋಲಿಯೊ ಪೀಡಿತ ಮಕ್ಕಳು ಕಿಲೋಗಟ್ಟಲೆ ತೂಕದ ಕ್ಯಾಲಿಪರ್ ಎಳೆದುಕೊಂಡು ನಡೆಯುತ್ತಿದ್ದುದನ್ನು ಅಬ್ದುಲ್ ಕಲಾಂ ಅವರಿಗೆ ತೋರಿಸಿದರು. ಕಲಾಂ ತಂಡ ಕೆಲವು ನೂರು ಗ್ರಾಂ ತೂಗುವ ಆಸರೆ ಮಾಡಿಕೊಟ್ಟಿತು. ರಕ್ಷಣಾ ತಂತ್ರಜ್ಞಾನವನ್ನು ಆಸ್ಪತ್ರೆಗೆ ದಾಟಿಸಲೆಂದೇ 1993ರಲ್ಲಿ ಸೊಸೈಟಿ ಫಾರ್ ಬಯೋಮೆಡಿಕಲ್ ಟೆಕ್ನಾಲಜಿ ಹುಟ್ಟಿತು.

● ಈಗ ಸ್ವಲ್ಪ ಹಿಂದಕ್ಕೆ ಹೋಗೋಣ, ಶ್ರೀರಂಗಪಟ್ಟಣಕ್ಕೆ. ಆಧುನಿಕ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆ ಬರೆಯುವವರೆಲ್ಲ ತಪ್ಪದೆ ಹೇಳುವ ಹೆಸರು ಒಂದಿದೆ: ಕವಾಸ್‌ಜಿ. ರಾಜನಲ್ಲ, ವೈದ್ಯನಲ್ಲ, ಬ್ರಿಟಿಷ್ ಸೈನ್ಯದ ಸಾಮಾನು ಗಾಡಿಯ ಎತ್ತು ಹೊಡೆಯುವವನು. 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿಬಿದ್ದ. ಮೂಗು ಹೋಯಿತು, ಒಂದು ಕೈಯೂ ಹೋಯಿತು. ಹಾಗೇ ಒಂದು ವರ್ಷ ಕಳೆದ ಮೇಲೆ ಪುಣೆಯ ಕಡೆಯ ಒಬ್ಬ ದೇಶೀಯ ಕುಶಲಿ ಅವನಿಗೆ ಹೊಸ ಮೂಗು ಮಾಡಿದ. ಪಕ್ಕದಲ್ಲಿ ಇಬ್ಬರು ಇಂಗ್ಲಿಷ್ ಡಾಕ್ಟರುಗಳು ನಿಂತು ನೋಡಿದರು.

ಮಾಡಿದ್ದು ಹೇಗೆ ಎನ್ನುವುದೂ ದಾಖಲಾಗಿದೆ. ಉಳಿದ ಮೂಗಿನ ಬುಡಕ್ಕೆ ತೆಳು ಮೇಣದ ತಗಡು ಕೂರಿಸಿ ಮೂಗಿನ ಆಕಾರ ತಂದರು. ಆ ಮೇಣವನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದರು. ಗೆರೆಯಗುಂಟ ಹಣೆಯ ಚರ್ಮ ಬಿಡಿಸಿದರು, ಪೂರಾ ಕತ್ತರಿಸದೆ. ಎರಡು ಕಣ್ಣುಗಳ ನಡುವೆ ಒಂದು ಎಳೆ ಹಾಗೇ ಉಳಿಸಿಕೊಂಡರು, ರಕ್ತ ಹರಿಯುತ್ತಿರಲಿ ಎಂದು. ಆ ಚರ್ಮವನ್ನು ತಿರುಚಿ ಕೆಳಗಿಳಿಸಿ ಮೂಗಿನ ಜಾಗಕ್ಕೆ ಕೂರಿಸಿ, ನೀರಲ್ಲಿ ನೆನೆಸಿದ ಕಾಚನ್ನು ಬಟ್ಟೆಯ ಪಟ್ಟಿಗೆ ಸವರಿ ಐದಾರು ಪದರ ಅಂಟಿಸಿದರು. ಹೌದು, ಎಲೆ ಅಡಿಕೆಗೆ ಹಾಕುವ ಅದೇ ಕಾಚು. ನಾಲ್ಕು ದಿನ ಮುಟ್ಟುವ ಹಾಗಿಲ್ಲ. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಹತ್ತನೇ ದಿನ ಹೊಳ್ಳೆ ಮುಚ್ಚಿಕೊಳ್ಳದಂತೆ ಒಳಗೆ ಮೆತ್ತನೆ ಬಟ್ಟೆಯ ತುಂಡು. ಸುಮಾರು ಇಪ್ಪತ್ತೈದನೇ ದಿನ ಹುಬ್ಬಿನ ನಡುವಿನ ಎಳೆಯನ್ನು ಕತ್ತರಿಸಿದರು.

ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಇದನ್ನು ಚಿತ್ರ ಸಮೇತ ಅಚ್ಚು ಹಾಕಿತು. ಗಾಡಿ ಹೊಡೆಯುವವನ ಹೆಸರು ಉಳಿಯಿತು. ಮೂಗು ಕೊಟ್ಟ ಕುಶಲಿಯ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ, ಅಷ್ಟು ಹೊತ್ತು ಪಕ್ಕದಲ್ಲಿ ನಿಂತು ನೋಡಿದವರೂ ಸಹ!

● ಅದನ್ನೋದಿದ ಜೋಸೆಫ್ ಕಾರ್ಪ್ಯು ಎಂಬ ಲಂಡನ್ ಸರ್ಜನ್ ವರ್ಷಗಟ್ಟಲೆ ಶವಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಮೊದಲ ಸಲ ಜೀವಂತ ರೋಗಿಯ ಮೇಲೆ ಕೈಯಾಡಿಸಿದ. ಅವನ ಇಬ್ಬರು ರೋಗಿಗಳೂ ಸೈನ್ಯದವರೇ. ನೂರು ವರ್ಷ ಕಳೆದು ಮೊದಲ ಮಹಾಯುದ್ಧದಲ್ಲಿ ಹೆರಾಲ್ಡ್ ಗಿಲೀಸ್ ಸಾವಿರಾರು ಸೈನಿಕರ ಮುಖ ಕಟ್ಟಿಕೊಟ್ಟಾಗಲೂ ಹಣೆಯ ಚರ್ಮ ಇಳಿಸುವ ಈ ಪದ್ಧತಿ ಬಳಕೆಯಲ್ಲಿತ್ತು. ಇಂದಿಗೂ ಇದೆ, ಹೆಸರು ‘ಇಂಡಿಯನ್ ಫ್ಲಾಪ್’.

● ಇನ್ನೂ ಹಿಂದಕ್ಕೆ ಹೋದರೆ ಋಗ್ವೇದದ ವಿಶ್ಪಲೆ ಸಿಗುತ್ತಾಳೆ. ಕದನದಲ್ಲಿ ಕಾಲು ಕಳೆದುಕೊಂಡ ಅವಳಿಗೆ ಅಶ್ವಿನೀ ದೇವತೆಗಳು ಲೋಹದ ಕಾಲು ಕೊಟ್ಟರಂತೆ. ಕೃತಕ ಕಾಲಿನ ಕುರಿತ ಭಾಷಣಗಳೆಲ್ಲ ಅವಳಿಂದಲೇ ಶುರುವಾಗುತ್ತವೆ. ವಿಶ್ಪಲೆ ಹೆಂಗಸಲ್ಲ, ಪಂದ್ಯದ ಕುದುರೆ ಎಂದು ವಾದಿಸಿದ ವಿದ್ವಾಂಸರೂ ಇದ್ದಾರೆ ಎನ್ನುವುದನ್ನು ಭಾಷಣಕಾರರು ಹೇಳುವುದಿಲ್ಲ.

● ‘ಬ್ಯಾಂಗಲೋರ್ ಟಾರ್ಪಿಡೊ’ ಸಮುದ್ರದ್ದಲ್ಲ. ಮುಳ್ಳುತಂತಿ, ನೆಲಬಾಂಬುಗಳ ನಡುವೆ ದಾರಿ ಮಾಡಲು ಸಿಡಿಮದ್ದು ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ಮುಂದೆ ತಳ್ಳುವ ಸಾಧನ ಅದು. 1912ರಲ್ಲಿ ಮದ್ರಾಸ್ ಸ್ಯಾಪರ್ಸ್‌ನ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಬೆಂಗಳೂರಿನಲ್ಲಿ ರೂಪಿಸಿದ. ಆ ಪಡೆಯ ಕೇಂದ್ರ ಈಗಲೂ ಹಲಸೂರು ಕೆರೆಯ ಬಳಿಯೇ ಇರುವ ಎಂಇಜಿ. 1944ರ ನಾರ್ಮಂಡಿ ದಂಡೆಯಲ್ಲೂ ನಮ್ಮೂರ ಹೆಸರಿನ ಈ ಕೊಳವೆ ತಂತಿ ಬೇಲಿ ಒಡೆಯಿತು. ಎಷ್ಟು ಕಾಲು ಉಳಿಸಿತೋ ಲೆಕ್ಕ ಇಟ್ಟವರಿಲ್ಲ.

● ಸೇನೆಯಲ್ಲಿ ಒಬ್ಬನ ಆರೋಗ್ಯವನ್ನು ‘ಶೇಪ್’ (SHAPE) ಎಂಬ ಇಂಗ್ಲಿಷಿನ ಐದಕ್ಷರದ ಸಂಕೇತದಲ್ಲಿ ಬರೆಯುತ್ತಾರೆ: ಮನಸ್ಸು, ಕಿವಿ, ಕೈಕಾಲು, ದೇಹಬಲ, ಕಣ್ಣು. ಎಲ್ಲ ಸರಿ ಇದ್ದರೆ ‘ಶೇಪ್ ಒನ್’. ಐದರಲ್ಲಿ ಮೊದಲನೆಯದೇ ಮನಸ್ಸು, ಗಮನಿಸಿ.

● ವಿಮಾನಪುರದಲ್ಲಿರುವ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ 1957ರಿಂದ ಇದೆ. ಗಗನಯಾನದ ಯಾತ್ರಿಗಳನ್ನು ಪರೀಕ್ಷಿಸಿ ಆರಿಸಿದ್ದು ಇಲ್ಲೇ ಎಂದು ಪತ್ರಿಕೆಗಳಲ್ಲಿ ಓದಿದ್ದೀರಿ. ಗಾಯಗೊಂಡ ಪೈಲಟ್ ಮತ್ತೆ ಹಾರಬಹುದೇ ಎಂದು ತೂಗಿ ನೋಡುವ ಕೆಲಸವೂ ಇಲ್ಲಿನದೇ. ಯುದ್ಧವಿಮಾನದಿಂದ ಎಜೆಕ್ಷನ್ ಸೀಟಿನಲ್ಲಿ ಹೊರಚಿಮ್ಮುವಾಗ ಬೆನ್ನುಮೂಳೆಯ ಮೇಲೆ ದೇಹದ ತೂಕದ ಹತ್ತಾರು ಪಟ್ಟು ಭಾರ ಕ್ಷಣಾರ್ಧದಲ್ಲಿ ಬೀಳುತ್ತದೆ. ಜೀವ ಉಳಿದರೂ ಎದೆ ಮತ್ತು ಸೊಂಟ ಕೂಡುವೆಡೆಯ ಮಣಿಗಳು ಜಜ್ಜಿಹೋಗುವುದುಂಟು.

ಕೊಡಗಿನವರಿಗೆ ಇದು ಹೊಸ ಮಾತಲ್ಲ. 1965ರ ಸೆಪ್ಟೆಂಬರ್ 22ರಂದು, ಯುದ್ಧ ನಿಲ್ಲಲು ಇನ್ನೇನು ಒಂದು ದಿನ ಇದ್ದಾಗ, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ ಹಾರಿಸುತ್ತಿದ್ದ ಹಂಟರ್ ವಿಮಾನ ಪಾಕಿಸ್ತಾನದಲ್ಲಿ ಉರುಳಿತು. ಹೊರಚಿಮ್ಮಿದ ನಂದಾ ಅವರ ಬೆನ್ನಿಗೆ ಪೆಟ್ಟು, ಜೊತೆಗೆ ಸೆರೆ. ಮಗನನ್ನು ಬಿಟ್ಟುಬಿಡುತ್ತೇನೆಂದ ಪಾಕ್ ಅಧ್ಯಕ್ಷ ಅಯೂಬ್ ಖಾನರಿಗೆ ತಂದೆ ಒಲ್ಲೆ ಎಂದ ಕಥೆ ಎಲ್ಲರ ಬಾಯಲ್ಲಿದೆ. ಆಮೇಲಿನ ಕಥೆ ಅಷ್ಟಾಗಿ ಬಾಯಿಗೆ ಬಂದಿಲ್ಲ: ಬೆನ್ನು ಮುರಿದುಕೊಂಡು ಬಂದ ಆ ಪೈಲಟ್ ಮತ್ತೆ ಹಾರಾಟಕ್ಕೆ ಮರಳಿದರು, ಹೆಲಿಕಾಪ್ಟರ್ ಘಟಕವೊಂದನ್ನು ಮುನ್ನಡೆಸಿದರು, ಏರ್ ಮಾರ್ಷಲ್ ಆಗಿ ನಿವೃತ್ತರಾದರು.

● 1975ರ ಜನವರಿ 10. ನೌಕಾಪಡೆಯ ಅಧಿಕಾರಿ ಹುದ್ದೆಯ ಆಯ್ಕೆಗೆಂದು ಬೆಂಗಳೂರಿಗೆ ಬಂದಿದ್ದ ತಮಿಳುನಾಡಿನ ಎಂಜಿನಿಯರಿಂಗ್ ವಿದ್ಯಾರ್ಥಿ ಎಸ್. ರಾಮಕೃಷ್ಣನ್ ದೈಹಿಕ ಪರೀಕ್ಷೆಯಲ್ಲಿ ಎತ್ತರದಿಂದ ಬಿದ್ದರು. ಕತ್ತಿನ ಕೆಳಗೆ ಸ್ವಾಧೀನ ಹೋಯಿತು. ಇನ್ನೂ ಸೇನೆಗೆ ಸೇರದ ಆ ಹುಡುಗನಿಗೆ ಸೇನಾ ಆಸ್ಪತ್ರೆಯಲ್ಲೇ ಚಿಕಿತ್ಸೆ ನಡೆಯಿತು. ನೋಡಿಕೊಂಡ ವೈದ್ಯರು ಏರ್ ಮಾರ್ಷಲ್ ಅಮರ್‌ಜಿತ್ ಸಿಂಗ್ ಚಾಹಲ್. ಊರಿಗೆ ಮರಳಿದ ರಾಮಕೃಷ್ಣನ್ 1981ರಲ್ಲಿ ತೆಂಕಾಶಿ ಬಳಿಯ ಆಯ್ಕುಡಿಯಲ್ಲಿ ಐವರು ಮಕ್ಕಳನ್ನು ಕೂರಿಸಿಕೊಂಡು ಶಾಲೆ ಆರಂಭಿಸಿದರು. ಇಂದು ಅದು ಸಾವಿರಾರು ಅಂಗವಿಕಲರಿಗೆ ಆಸರೆಯಾದ ‘ಅಮರ್ ಸೇವಾ ಸಂಗಮ್’. ಅಮರ್ ಎಂದರೆ ಆ ಫೌಜಿ ಡಾಕ್ಟರು. 2020ರಲ್ಲಿ ರಾಮಕೃಷ್ಣನ್ ಅವರಿಗೆ ಪದ್ಮಶ್ರೀ ಬಂತು. ನನ್ನನ್ನು ಕೇಳಿದರೆ ಈ ಪಟ್ಟಿಯಲ್ಲಿ ಮೊದಲು ಬರಬೇಕಿದ್ದ ಸಂಗತಿ ಇದೇ.

● ಬೆನ್ನುಹುರಿ ತುಂಡಾದ ಸೈನಿಕ ಮೊದಲ ಮಹಾಯುದ್ಧದ ಕಾಲದಲ್ಲಿ ಬದುಕುಳಿಯುತ್ತಿದ್ದುದೇ ಅಪರೂಪ. ಗುಂಡಿಗಿಂತ ಮಲಗಿ ಮಲಗಿ ಆಗುವ ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕೇ ಕೊಲ್ಲುತ್ತಿದ್ದವು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್‌ನಲ್ಲಿ ಲುಡ್ವಿಗ್ ಗುಟ್‌ಮನ್ ಹಿಡಿದ ದಾರಿ ಬಲು ಸರಳ: ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಿ, ಹಗಲೂ ರಾತ್ರಿಯೂ. ಆಮೇಲೆ ಕೈಗೆ ಬಿಲ್ಲು ಬಾಣ ಕೊಟ್ಟರು. 1948ರ ಜುಲೈ 29, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯ ದಿನ, 16 ಮಂದಿ ಗಾಯಾಳುಗಳು ಆಸ್ಪತ್ರೆಯ ಹುಲ್ಲುಹಾಸಿನಲ್ಲಿ ಗುರಿ ಹೊಡೆದರು. ಪ್ಯಾರಾಲಿಂಪಿಕ್ಸ್‌ನ ಬೀಜ ಅದು.

● ಆ ಬೀಜ ಭಾರತದಲ್ಲೂ ಫಲ ಕೊಟ್ಟಿತು. ಮುರಳಿಕಾಂತ ಪೇಟ್ಕರ್ ಸೇನೆಯ ಇಎಂಇ ವಿಭಾಗದ ಜವಾನ, ಬಾಕ್ಸರ್. 1965ರ ಯುದ್ಧದಲ್ಲಿ ಗುಂಡುಗಳು ಹೊಕ್ಕು ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಈಜು ಅವರಿಗೆ ಮೊದಲು ವೈದ್ಯರು ಹೇಳಿದ ವ್ಯಾಯಾಮ ಅಷ್ಟೇ. 1972ರ ಹೈಡಲ್‌ಬರ್ಗ್ ಕ್ರೀಡಾಕೂಟದಲ್ಲಿ 50 ಮೀಟರನ್ನು 37.33 ಸೆಕೆಂಡಿನಲ್ಲಿ ಈಜಿ ಚಿನ್ನ ಗೆದ್ದರು, ವಿಶ್ವದಾಖಲೆ ಸಮೇತ. ಭಾರತಕ್ಕೆ ಪ್ಯಾರಾಲಿಂಪಿಕ್ಸ್‌ನ ಮೊದಲ ಚಿನ್ನ ಅದು. ಪದ್ಮಶ್ರೀ ಬಂದದ್ದು 2018ರಲ್ಲಿ. ಅಂದರೆ 46 ವರ್ಷದ ಮೇಲೆ!

● 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಗುಂಡು ಎಸೆದು ಕಂಚು ಗೆದ್ದ ಹೊಕಾಟೊ ಸೆಮಾ ಅಸ್ಸಾಂ ರೆಜಿಮೆಂಟಿನವರು. 2002ರಲ್ಲಿ ಕಾಶ್ಮೀರದಲ್ಲಿ ನೆಲಬಾಂಬು ಸಿಡಿದು ಎಡಗಾಲು ಹೋಗಿತ್ತು. ಗುಂಡು ಎಸೆತ ಹಿಡಿದದ್ದು ಮೂವತ್ತು ದಾಟಿದ ಮೇಲೆ, ಪುಣೆಯಲ್ಲಿ.

● ಪುಣೆ ಎಂದರೆ ಇಲ್ಲಿ ಆರ್ಟಿಫಿಷಿಯಲ್ ಲಿಂಬ್ ಸೆಂಟರ್, ಸೇನೆಯ ಕೃತಕ ಅಂಗ ಕೇಂದ್ರ. ಶುರುವಾದದ್ದು 1944ರ ಮೇ ತಿಂಗಳಲ್ಲಿ. ಕರ್ನಾಟಕದ ಎಷ್ಟೋ ಯೋಧರು ಇಲ್ಲಿಂದಲೇ ನಡೆದು ಊರಿಗೆ ಬಂದಿದ್ದಾರೆ.

ಕೃತಕ ಕಾಲು ಎಂದಕೂಡಲೇ ನಮಗೆ ಪಾದ ನೆನಪಾಗುತ್ತದೆ. ಮಾಡುವವರನ್ನು ಕೇಳಿ, ಕಾಲೆಂದರೆ ಸಾಕೆಟ್ ಎನ್ನುತ್ತಾರೆ. ಮೋಟುಗಾಲು ಒಳಗೆ ಕೂರುವ ಬಟ್ಟಲು ಅದು. ಮೊದಲು ಮೋಟಿನ ಮೇಲೆ ಮೂಳೆ ಉಬ್ಬಿದ ಕಡೆ, ನೋವಿರುವ ಕಡೆ ಅಳಿಸದ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ. ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಕೈಯಲ್ಲೇ ಒತ್ತಿ ಹಿಡಿದು ಅಚ್ಚು ತೆಗೆದರೆ ಪೆನ್ಸಿಲ್ ಗುರುತು ಒಳಮೈಗೆ ಇಳಿದಿರುತ್ತದೆ. ಅಚ್ಚಿಗೆ ಪ್ಲಾಸ್ಟರ್ ಸುರಿದು ಮಾದರಿ ಮಾಡಿ, ಭಾರ ಹೊರಬಲ್ಲ ಕಡೆ ಅರದಿಂದ ತುಸು ಉಜ್ಜುತ್ತಾರೆ, ನೋವಿನ ಕಡೆ ತುಸು ಏರಿಸುತ್ತಾರೆ. ಮಂಡಿಚಿಪ್ಪಿನ ಕೆಳಗಿನ ದಪ್ಪ ಸ್ನಾಯುರಜ್ಜು ಭಾರ ತಾಳುತ್ತದೆ, ಮೊಣಕಾಲ ಕೆಳಗಿನ ಮೂಳೆಯ ಚೂಪು ತುದಿ ತಾಳುವುದಿಲ್ಲ. ಇಷ್ಟಾದರೂ ಮುಗಿಯುವುದಿಲ್ಲ. ಮೋಟು ದಿನದ ಹೊತ್ತಿಗೆ ತಕ್ಕಂತೆ ಕುಗ್ಗುತ್ತದೆ, ಬೆಳಿಗ್ಗೆ ಬಿಗಿ ಇದ್ದದ್ದು ಸಂಜೆಗೆ ಸಡಿಲ. ಅದಕ್ಕೇ ಇನ್ನೊಂದು ಕಾಲುಚೀಲ ಏರಿಸಿಕೊಳ್ಳುವುದು. ಮೊದಲ ತಿಂಗಳುಗಳಲ್ಲಂತೂ ಸಾಕೆಟ್ಟನ್ನೇ ಬದಲಿಸಬೇಕಾದೀತು. ಸ್ಫೋಟದ ಗಾಯದಲ್ಲಿ ಇನ್ನೊಂದು ತಾಪತ್ರಯ: ಮೋಟಿನ ಮಾಂಸದೊಳಗೆ ಬೇಡದ ಕಡೆ ಮೂಳೆ ಬೆಳೆಯುವುದುಂಟು. ಅದು ಏಕೆ ಎಂಬ ಸಂಶೋಧನೆ ಇನ್ನೂ ನಡೆಯುತ್ತಿದೆ.

● ಇಲ್ಲದ ಕಾಲು ನೋಯುವುದು ಸುಳ್ಳಲ್ಲ. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳನ್ನು ನೋಡಿದ ವೈದ್ಯ ವೇಯರ್ ಮಿಚೆಲ್ 1871ರಲ್ಲಿ ಅದಕ್ಕೆ ‘ಭೂತ ಅಂಗ’ ಎಂಬರ್ಥದ ಹೆಸರಿಟ್ಟ. ಅದಕ್ಕೊಂದು ಮದ್ದು ಸಿಕ್ಕಿದ್ದು 1990ರ ದಶಕದಲ್ಲಿ, ತಮಿಳುನಾಡು ಮೂಲದ ವಿ.ಎಸ್. ರಾಮಚಂದ್ರನ್ ಹೊಳೆಯಿಸಿದ ಒಂದು ಕನ್ನಡಿಯಲ್ಲಿ. ಇರುವ ಕಾಲನ್ನು ಕನ್ನಡಿಯೆದುರು ಆಡಿಸಿದರೆ ಮಿದುಳು ಇಲ್ಲದ ಕಾಲೇ ಆಡಿತೆಂದು ನಂಬುತ್ತದೆ. 2007ರಲ್ಲಿ ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯವರು ಪರೀಕ್ಷೆ ಮಾಡಿದರು. ದಿನಕ್ಕೆ 15 ನಿಮಿಷ, ನಾಲ್ಕು ವಾರ. ಕನ್ನಡಿ ನೋಡಿದ ಗುಂಪಿನ ಎಲ್ಲರ ನೋವೂ ತಗ್ಗಿತು. ಗುಂಪು ಚಿಕ್ಕದು, ಆರೇ ಮಂದಿ. ಖರ್ಚು? ಒಂದು ಕನ್ನಡಿ.

● ಅದೇ ಅಂತರ್ಯುದ್ಧದ ಆರಂಭದಲ್ಲೇ, 1861ರಲ್ಲಿ, ಕಾಲು ಕಳೆದುಕೊಂಡ ಜೇಮ್ಸ್ ಹ್ಯಾಂಗರ್ ಪೀಪಾಯಿಯ ಹಲಗೆ ಕೆತ್ತಿ ತನಗೆ ತಾನೇ ಕಾಲು ಮಾಡಿಕೊಂಡ. ಅವನ ಹೆಸರಿನ ಕೃತಕ ಅಂಗ ಕಂಪನಿ ಈಗಲೂ ನಡೆಯುತ್ತಿದೆ.

● ನಮ್ಮ ರೈಸ್ ಲೆಗ್ಸ್ ಎಂಬ ಬೆಂಗಳೂರು ಸ್ಟಾರ್ಟಪ್ ಬೆತ್ತದಿಂದ ಕಾಲು ಮಾಡಿತು. ಕುರ್ಚಿ ಹೆಣೆಯುವ ಬೆತ್ತವೇ! ಹಗುರ, ಸ್ಪ್ರಿಂಗಿನ ಹಾಗೆ ಪುಟಿಯುತ್ತದೆ.

● ಇಸ್ರೊ 2022ರಲ್ಲಿ ಮೈಕ್ರೊಪ್ರೊಸೆಸರ್ ನಿಯಂತ್ರಿತ ಕೃತಕ ಮಂಡಿಯನ್ನು ತೋರಿಸಿತು, ತೂಕ 1.6 ಕಿಲೋ. 2025ರ ಜುಲೈನಲ್ಲಿ ಡಿಆರ್‌ಡಿಒ ಮತ್ತು ಬೀಬಿನಗರದ ಏಮ್ಸ್ ಸೇರಿ ಕಾರ್ಬನ್ ನಾರಿನ ಪಾದ ತಂದವು. ಹೊರದೇಶದ ಪಾದ ಸುಮಾರು 2 ಲಕ್ಷ ರೂಪಾಯಿ, ಇದು 20,000ದೊಳಗೆ ಸಿಗುವಂತಾಗಲಿ ಎನ್ನುವುದು ಗುರಿ. ಪರೀಕ್ಷೆಯಲ್ಲಿ 125 ಕಿಲೋ ಭಾರ ತಾಳಿದೆ. ಪ್ರಯೋಗಾಲಯದಿಂದ ಜಿಲ್ಲಾ ಆಸ್ಪತ್ರೆಯವರೆಗಿನ ದೂರವನ್ನು ಇದು ಎಷ್ಟು ಬೇಗ ನಡೆದು ಮುಗಿಸುತ್ತದೋ, ನಿಜವಾದ ಪರೀಕ್ಷೆ ಅದು.

● 1971ರಲ್ಲಿ ನೆಲಬಾಂಬಿಗೆ ಸಿಕ್ಕಿದ ಮೇಜರ್ ಇಯಾನ್ ಕಾರ್ಡೋಜೊ ತಮ್ಮ ಕಾಲನ್ನು ತಮ್ಮದೇ ಖುಕ್ರಿಯಿಂದ ಕತ್ತರಿಸಿಕೊಂಡರು. ಭಾರತೀಯ ಸೇನೆಯಲ್ಲಿ ಕೃತಕ ಕಾಲಿನಲ್ಲೇ ಬೆಟಾಲಿಯನ್ ನಡೆಸಿದ ಮೊದಲ ಅಧಿಕಾರಿಯಾದರು. 1965ರಲ್ಲಿ ಕಾಲು ಕಳೆದುಕೊಂಡ ವಿಜಯ್ ಒಬೆರಾಯ್ ಸೇನೆಯ ಉಪಮುಖ್ಯಸ್ಥರವರೆಗೆ ಏರಿದರು.

● ಕಾರ್ಗಿಲ್‌ನ ಪಾಯಿಂಟ್ 4875 ಎಂದರೆ ಕ್ಯಾಪ್ಟನ್ ವಿಕ್ರಮ್ ಬತ್ರಾ ನೆನಪಾಗುತ್ತಾರೆ. ಅದೇ ಹೋರಾಟದಲ್ಲಿ ಗ್ರೆನೇಡ್ ಸಿಡಿದು ಎರಡೂ ಕಾಲಿಗೆ ಗಾಯವಾದವರು ಕನ್ನಡಿಗ ಕ್ಯಾಪ್ಟನ್ ನವೀನ್ ನಾಗಪ್ಪ. ಒಂದೂವರೆ ವರ್ಷಕ್ಕೂ ಮಿಕ್ಕು ಆಸ್ಪತ್ರೆ, ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆ. ಸಮವಸ್ತ್ರ ಕಳಚಬೇಕಾಯಿತು. ಆಮೇಲೆ ಅವರು ಎಂಜಿನಿಯರಿಂಗ್ ಸೇವೆಯ ಪರೀಕ್ಷೆ ಬರೆದು ಪಾಸಾಗಿ ಮಿಲಿಟರಿ ಎಂಜಿನಿಯರ್ ಸರ್ವಿಸಸ್ ಸೇರಿದರು. ಸೇನೆಗೇ ವಾಪಸು, ಇನ್ನೊಂದು ಬಾಗಿಲಿನಿಂದ.

● ಗಾಯಾಳು ಸೈನಿಕರಿಗೆ ಕಸುಬು ಕಲಿಸುವ ಕ್ವೀನ್ ಮೇರೀಸ್ ಶಾಲೆ 1917ರಲ್ಲಿ ಮುಂಬೈಯಲ್ಲಿ ಶುರುವಾಗಿ ಪುಣೆಯ ಖಡ್ಕಿಗೆ ಹೋಯಿತು, ಈಗಲೂ ಅಲ್ಲೇ ಇದೆ. ಕಣ್ಣು ಕಳೆದುಕೊಂಡವರಿಗಾಗಿ ಎರಡನೇ ಮಹಾಯುದ್ಧದಲ್ಲಿ ಡೆಹ್ರಾಡೂನ್‌ನಲ್ಲಿ ತೆರೆದ ಸೇಂಟ್ ಡನ್‌ಸ್ಟನ್ಸ್ ಇಂದು ದೃಷ್ಟಿ ವಿಕಲರ ರಾಷ್ಟ್ರೀಯ ಸಂಸ್ಥೆ. ಸೇನೆಯ ಹೊರಗೆ ಇದೇ ಕೆಲಸಕ್ಕೆ ಪೂರ್ವ ಬೆಂಗಳೂರಿನ ಲಿಂಗರಾಜಪುರದಲ್ಲಿ ಎಪಿಡಿ ಇದೆ. ಪೋಲಿಯೊದಿಂದ ನಡಿಗೆ ಕಷ್ಟವಾಗಿದ್ದ ಎನ್.ಎಸ್. ಹೇಮಾ 1959ರಲ್ಲಿ ಕಟ್ಟಿದ ಸಂಸ್ಥೆ, ಬೆನ್ನುಹುರಿ ಗಾಯದವರಿಗೂ ತರಬೇತಿ ಕೊಡುತ್ತದೆ.

● ಪುನರ್ವಸತಿಯ ಕೊನೇ ಹಂತ ಆಸ್ಪತ್ರೆಯಲ್ಲಿಲ್ಲ, ರಸ್ತೆಯಲ್ಲಿದೆ. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೊ ಓಡಿತು. ಮಹದೇವಪುರದ ಪಕ್ಕದ ಸಿಂಗಯ್ಯನಪಾಳ್ಯ ನಿಲ್ದಾಣದಲ್ಲಿ ಲಿಫ್ಟ್ ಇದೆ, ಕಣ್ಣಿಲ್ಲದವರಿಗೆ ಉಬ್ಬುಹಾಸು ಇದೆ. ರೈಲಿನೊಳಕ್ಕೆ ವೀಲ್‌ಚೇರ್ ಸಲೀಸಾಗಿ ಉರುಳುತ್ತದೆ. ಕೆಳಗಿಳಿದು ಫುಟ್‌ಪಾತಿಗೆ ಬನ್ನಿ: ಒಂದಡಿ ಎತ್ತರದ ಕಟ್ಟೆ, ಅದರ ಮೇಲೆ ಟ್ರಾನ್ಸ್‌ಫಾರ್ಮರ್, ಪಕ್ಕದಲ್ಲಿ ನಿಲ್ಲಿಸಿದ ಬೈಕು, ಎದ್ದುಹೋದ ಚಪ್ಪಡಿ. ನೆಲಬಾಂಬು ದಾಟಿ ಬಂದವನನ್ನೂ ಇದು ತಡೆಯುತ್ತದೆ. ಬಿಬಿಎಂಪಿ ಹೋಗಿ ಹೊಸ ಪ್ರಾಧಿಕಾರ ಬಂದರೂ ಚಪ್ಪಡಿ ಹಾಗೇ ಇದ್ದರೆ ಏನು ಬಂತು?

● ಕಡೆಯದಾಗಿ, ಡಿಸೆಂಬರ್ 7. 1949ರಿಂದ ಅದು ಸಶಸ್ತ್ರ ಪಡೆಗಳ ಧ್ವಜ ದಿನ. ಆ ದಿನ ಎದೆಗೆ ಚುಚ್ಚುವ ಪುಟ್ಟ ಬಾವುಟಕ್ಕೆ ನಾವು ಕೊಡುವ ಹಣದ ಒಂದು ಪಾಲು ಖಡ್ಕಿ ಮತ್ತು ಮೊಹಾಲಿಯಲ್ಲಿರುವ, ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಯೋಧರ ಕೇಂದ್ರಗಳಿಗೆ ಹೋಗುತ್ತದೆ. ಅಲ್ಲಿ ಈ ಹೊತ್ತಿಗೂ ಗಾಲಿಕುರ್ಚಿಯಲ್ಲಿ ಬದುಕು ಕಟ್ಟಿಕೊಂಡವರಿದ್ದಾರೆ. ಡಿಸೆಂಬರ್‌ವರೆಗೆ ಕಾಯಬೇಕಿಲ್ಲ, ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಕೈಲಾದಷ್ಟು ಕೊಡಿ.